ಚಿಂಚೋಳಿ ಕಡೆ ಆಫ್‌ರೋಡ್ ಕ್ಯಾಂಪ್, ಗಾಡಿ ಕೆಟ್ಟರೆ ಏನು ಗತಿ? ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿ ಚಳಿಗಾಲ ಕಲಬುರಗಿಯಿಂದ ನಾವೊಂದಿಷ್ಟು ಜನ ಗಾಡಿ ತೆಗೆದುಕೊಂಡು ಚಿಂಚೋಳಿ ಕಡೆ ಹೋಗಿ, ಹೊಲದಲ್ಲಿ ಟೆಂಟ್ ಹಾಕಿ ಬರುತ್ತೇವೆ. ಹೊಸದಾಗಿ ಸೇರುವವರು ಮೊದಲು ಕೇಳುವುದು ಟೆಂಟು, ಊಟ. ಅದಕ್ಕೆಲ್ಲ ಕೆಳಗೆ ಉತ್ತರ ಇದೆ. ಆದರೆ ಮೊದಲು ಗಾಡಿ ಮಾತು. ಐದಾರು ಗಾಡಿ ಹೊರಟರೆ ಒಂದಾದರೂ ಎಲ್ಲೋ ನಿಲ್ಲುತ್ತದೆ. ಹಾಗೆ ಲೆಕ್ಕ ಹಾಕಿಯೇ ನಾವು ಸಮಯ, ನೀರು, ದುಡ್ಡು ಮೂರನ್ನೂ ಸ್ವಲ್ಪ ಜಾಸ್ತಿ ಇಟ್ಟುಕೊಂಡು ಹೊರಡುತ್ತೇವೆ. ಇದು ಒಪ್ಪಿಗೆ ಇಲ್ಲದವರು, ಅಂದರೆ ಭಾನುವಾರ ಸಂಜೆ ಆರಕ್ಕೆ ಮನೆ ಸೇರಲೇಬೇಕು ಅನ್ನುವವರು, ದಯವಿಟ್ಟು ಈ ಟ್ರಿಪ್‌ಗೆ ಬರಬೇಡಿ.

ಯಾವ ತಿಂಗಳು ಹೋಗುತ್ತೀರಿ? ಮಜಾ ಮಳೆಗಾಲದಲ್ಲೇ ಅಲ್ವಾ?

ನವೆಂಬರ್ ಕೊನೆಯಿಂದ ಫೆಬ್ರವರಿ ತನಕ. ಮಳೆಗಾಲದಲ್ಲಿ ಮಜಾ ಇದೆ, ಇಲ್ಲ ಅನ್ನಲ್ಲ. ಎತ್ತಿಪೋತ ಜಲಪಾತ ತುಂಬಿ ಬೀಳುವುದು ಆಗಲೇ, ಗುಡ್ಡ ಹಸಿರಾಗುವುದೂ ಆಗಲೇ. ಅದನ್ನು ನೋಡಲು ಡಾಂಬರು ರಸ್ತೆಯಲ್ಲಿ ಹೋಗಿ, ನೋಡಿ, ವಾಪಸ್ ಬನ್ನಿ. ಜೂನ್‌ನಿಂದ ಅಕ್ಟೋಬರ್ ತನಕ ಹೊಲದ ದಾರಿಗೆ ಗಾಡಿ ಇಳಿಸುವ ಮಾತು ಬೇಡ. ಏಪ್ರಿಲ್-ಮೇ ಕೂಡ ಬೇಡ. 42-43 ಡಿಗ್ರಿ ಬಿಸಿಲಲ್ಲಿ ಮನುಷ್ಯರೂ ಸೋಲುತ್ತಾರೆ, ಎಂಜಿನ್ನೂ ಸೋಲುತ್ತದೆ.

ಚಳಿಗಾಲದಲ್ಲೂ ಒಮ್ಮೊಮ್ಮೆ ಅಡ್ಡ ಮಳೆ ಬರುತ್ತದೆ. ಹಿಂದಿನ ದಿನ ಜೋರು ಮಳೆಯಾಗಿದ್ದರೆ ಟ್ರಿಪ್ ಮುಂದಕ್ಕೆ ಹಾಕುತ್ತೇವೆ. ರಜೆ ಹಾಕಿಯಾಗಿದೆ, ಮಟನ್ ತಂದಾಗಿದೆ ಅಂತ ಯಾರು ಎಷ್ಟೇ ಗೋಗರೆದರೂ ಅಷ್ಟೇ.

ಎರಿ ಮಣ್ಣಿಗೆ (ಕಪ್ಪು ಮಣ್ಣಿಗೆ) ಯಾಕೆ ಇಷ್ಟು ಹೆದರುತ್ತೀರಿ? ಫೋರ್ ಬೈ ಫೋರ್ (ನಾಲ್ಕೂ ಗಾಲಿಗೆ ಓಟ) ಇದ್ದರೆ ಆಯ್ತಲ್ಲ?

ಆಗಲ್ಲ. ಬೆಂಗಳೂರು ಕಡೆಯಿಂದ ಬರುವ ಗೆಳೆಯರಿಗೆ ಇದನ್ನು ಅರ್ಥ ಮಾಡಿಸುವುದೇ ದೊಡ್ಡ ಕೆಲಸ. ಅವರಿಗೆ ಕೆಸರು ಅಂದರೆ ಸಕಲೇಶಪುರದ ಕೆಸರು. ಅಲ್ಲಿ ಗಾಡಿ ಜಾರುತ್ತದೆ, ಹೂಳುತ್ತದೆ, ಕೆಳಗೆ ಎಲ್ಲೋ ಗಟ್ಟಿ ನೆಲ ಸಿಗುತ್ತದೆ, ಎದ್ದು ಬರುತ್ತದೆ. ನಮ್ಮ ಎರಿ ಹೊಲದ ರಾಡಿ ಬೇರೆ ಜಾತಿ. ಇದರಲ್ಲಿ ಜೇಡಿ ಅಂಶ ಬಹಳ ಜಾಸ್ತಿ, ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಹಸಿ ಇದ್ದಾಗ ಟೈರಿಗೆ ಅಂಟುತ್ತದೆ. ಮೊದಲ ಸುತ್ತಿಗೆ ಟೈರಿನ ಹಲ್ಲು ತುಂಬುತ್ತದೆ, ಮಡ್ ಟೈರ್ ಆಗಲಿ ರಸ್ತೆ ಟೈರ್ ಆಗಲಿ ಆಮೇಲೆ ಎರಡೂ ಒಂದೇ, ನುಣ್ಣಗಿನ ಕರಿ ಉಂಡೆ. ಇನ್ನೂ ಓಡಿಸಿದರೆ ಮಣ್ಣು ಟೈರಿಗೂ ಮಡ್‌ಗಾರ್ಡಿಗೂ ನಡುವೆ ಪದರ ಪದರವಾಗಿ ಕೂತು ಗಾಲಿಯನ್ನೇ ಹಿಡಿದುಬಿಡುತ್ತದೆ. ಎಂಜಿನ್ ಕೂಗುತ್ತಿರುತ್ತದೆ, ಗಾಲಿ ತಿರುಗುವುದಿಲ್ಲ, ಕ್ಲಚ್ ಸುಟ್ಟ ವಾಸನೆ ಬರುತ್ತದೆ. ಹಾಗೆ ನಿಂತ ಜೀಪಿನ ಒಂದು ಗಾಲಿಯಿಂದ ಖುರ್ಪಿ ಹಾಕಿ ಹಾಕಿ ತೆಗೆದರೆ ಬುಟ್ಟಿ ಬುಟ್ಟಿ ಮಣ್ಣು ಬರುತ್ತದೆ. ನಾಲ್ಕೂ ಗಾಲಿ ಮುಗಿಸಿ ಗಾಡಿ ಹತ್ತು ಮಾರು ಮುಂದೆ ಹೋದರೆ ಮತ್ತೆ ಅದೇ ಕತೆ.

ಇಲ್ಲಿ ಒಂದು ಸುಲಭ ಪರೀಕ್ಷೆ ಇದೆ. ಡಾಂಬರು ಅಥವಾ ಮೊರಮ್ (ಗಟ್ಟಿ ಗರಸು ಮಣ್ಣಿನ ರಸ್ತೆ) ಬಿಟ್ಟು ಹೊಲದ ದಾರಿಗೆ ಇಳಿಯುವ ಮೊದಲು ಗಾಡಿ ನಿಲ್ಲಿಸಿ, ಇಳಿದು, ಹತ್ತು ಹೆಜ್ಜೆ ನಡೆಯಿರಿ. ಚಪ್ಪಲಿ ಭಾರ ಆಯ್ತಾ? ವಾಪಸ್ ತಿರುಗಿಸಿ. ಆಪ್‌ನಲ್ಲಿ ಹವಾಮಾನ ನೋಡುವುದಕ್ಕಿಂತ ಇದು ವಾಸಿ.

ಆದರೂ ಸಿಕ್ಕಿಬಿದ್ದರೆ?

ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ಇದೇ ಮೊದಲ ಕೆಲಸ, ಇದೇ ಯಾರೂ ಮಾಡದ ಕೆಲಸ. ಗಾಲಿ ಸುಮ್ನೆ ತಿರುಗಿಸಿದಷ್ಟೂ ಗಾಡಿ ಕೆಳಗೆ ಇಳಿಯುತ್ತದೆ, ಆಕ್ಸಲ್ ನೆಲಕ್ಕೆ ಕೂತರೆ ಕೆಲಸ ಎರಡು ಪಟ್ಟು.

ಆಮೇಲೆ ಇಳಿದು ನೋಡಿ. ಯಾವ ಗಾಲಿ ಕೂತಿದೆ, ಯಾವ ಕಡೆ ನೆಲ ಗಟ್ಟಿ ಇದೆ ಅಂತ. ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುವುದು ಹೆಚ್ಚಿನ ಸಲ ಸುಲಭ, ಯಾಕೆಂದರೆ ಆ ದಾರಿಯಲ್ಲಿ ನೀವು ಬಂದೇ ಬಂದಿದ್ದೀರಿ. ಮುಂದೆ ಏನಿದೆ ಯಾರಿಗೆ ಗೊತ್ತು. ಗಾಲಿ ಮುಂದಿನ ಮಣ್ಣನ್ನು ಇಳಿಜಾರಾಗಿ ಕೆತ್ತಿ, ಆಕ್ಸಲ್ ಕೆಳಗಿನದನ್ನು ತೆಗೆಯಿರಿ. ಜಾಕಿ ಹಾಕಬೇಕಾದರೆ ಕೆಳಗೆ ದಪ್ಪ ಮರದ ಹಲಗೆ ಬೇಕು. ಪಕ್ಕದಲ್ಲೇ ಬಿದ್ದಿದೆ ಅಂತ ಶಹಾಬಾದ್ ಫರಸಿ (ನೆಲಕ್ಕೆ ಹಾಸುವ ತೆಳು ಕಲ್ಲು) ತುಂಡು ಇಟ್ಟರೆ ನಡುವೆ ಪಟ್ ಅಂತ ಒಡೆಯುತ್ತದೆ, ಗಾಡಿ ಜಾಕಿಯಿಂದ ಜಾರುತ್ತದೆ. ಜಾಕಿ ಮೇಲಿರುವ ಗಾಡಿ ಕೆಳಗೆ ಕೈ, ತಲೆ ಹಾಕುವಂತಿಲ್ಲ.

ಗಾಲಿ ಕೆಳಗೆ ಏನು ಹಾಕಬೇಕು ಅಂದರೆ, ರಿಕವರಿ ಪ್ಲೇಟ್ (ಗಾಲಿಗೆ ಹಿಡಿತ ಕೊಡುವ ಹಲ್ಲಿನ ಹಲಗೆ) ಇದ್ದರೆ ಅದು. ಇಲ್ಲದಿದ್ದರೆ ಗೋಣಿಚೀಲ, ಗಾಡಿಯೊಳಗಿನ ರಬ್ಬರ್ ಮ್ಯಾಟ್, ಸಣ್ಣ ಕಲ್ಲು. ಜೋಳದ ಕಣಕಿ (ಒಣ ದಂಟು) ಚೆನ್ನಾಗಿ ಹಿಡಿಯುತ್ತದೆ, ಆದರೆ ಅದು ದನದ ಮೇವು, ಬಣವೆಯಿಂದ ಕೇಳದೆ ಎಳೆದರೆ ಬೈಸಿಕೊಳ್ಳುವುದು ನ್ಯಾಯವೇ. ಕೇಳಿ, ದುಡ್ಡು ಕೊಟ್ಟು ತೆಗೆದುಕೊಳ್ಳಿ. ತೊಗರಿ ಕಟ್ಟಿಗೆ ಮಾತ್ರ ಹಾಕಬೇಡಿ, ಟೈರಿಗೆ ಚುಚ್ಚುತ್ತದೆ.

ಇದ್ಯಾವುದೂ ನಡೆಯದಿದ್ದರೆ ಟ್ರ್ಯಾಕ್ಟರ್. ಅದೂ ಬರದಿದ್ದರೆ ಕಾಯುವುದು. ಒಳ್ಳೆ ಬಿಸಿಲು ಬಿದ್ದರೆ ಒಂದೆರಡು ದಿನಕ್ಕೆ ಮೇಲ್ಪದರ ಒಣಗುತ್ತದೆ. ನಗಬೇಡಿ, ಇದು ನಿಜಕ್ಕೂ ಒಂದು ಉಪಾಯ.

ನನ್ನ ಗಾಡಿ ನಡೆಯುತ್ತಾ?

ಹಳೆ ಜಿಪ್ಸಿ, ಥಾರ್, ಜಿಮ್ನಿ, ಗೂರ್ಖಾ ಎಲ್ಲ ನಡೆಯುತ್ತವೆ. ಬೊಲೆರೋ ಕೂಡ ಬರುತ್ತದೆ, ಎರಡೇ ಗಾಲಿಗೆ ಓಟ ಇದ್ದರೂ ಒಣ ದಾರಿಗೆ ಅದು ಸಾಕು, ನಮ್ಮ ಗುಂಪಿನ ಸಾಮಾನೆಲ್ಲ ಹೊರುವುದೇ ಬೊಲೆರೋ. ಥಾರ್ ಇದೆ ಅಂದ ಮಾತ್ರಕ್ಕೆ ಫೋರ್ ಬೈ ಫೋರ್ ಇರಬೇಕೆಂದಿಲ್ಲ, 2023ರಿಂದ ಹಿಂದಿನ ಗಾಲಿಗಷ್ಟೇ ಓಟ ಇರುವ ಥಾರ್ ಕೂಡ ಮಾರಾಟದಲ್ಲಿದೆ. ಗೇರ್ ಲಿವರ್ ಪಕ್ಕ ಇನ್ನೊಂದು ಲಿವರ್ ಇದೆಯಾ ನೋಡಿ ಹೇಳಿ.

ಕಾರುಗಳು ಬೇಡ. "ನಮ್ಮ ಎಸ್‌ಯುವಿ ನೋಡೋಕೆ ಎತ್ತರ ಇದೆ" ಅನ್ನುವವರು ಅದರ ಹೊಟ್ಟೆ ನೆಲದಿಂದ ಎಷ್ಟು ಎತ್ತರ ಅಂತ ಒಮ್ಮೆ ಬಗ್ಗಿ ನೋಡಲಿ. ಕ್ಯಾಂಪ್ ತನಕ ನಮ್ಮ ಗಾಡಿಯಲ್ಲಿ ಕೂತು ಬನ್ನಿ, ಜಾಗ ಇರುತ್ತದೆ.

ಟೈರ್ ಗಾಳಿ ಎಷ್ಟು ಇಳಿಸಬೇಕು?

ರಸ್ತೆಯಲ್ಲಿ 32 ಪಿಎಸ್ಐ ಇದ್ದರೆ ಕಲ್ಲು-ಮಣ್ಣಿನ ದಾರಿಗೆ 22-24 ಸಾಕು. ಹಳ್ಳದ ಉಸುಕಿಗೆ 18. ಹದಿನೈದಕ್ಕಿಂತ ಕೆಳಗೆ ಹೋದರೆ ತಿರುವಿನಲ್ಲಿ ಟೈರ್ ರಿಮ್‌ನಿಂದ ಕಳಚುವ ಅಪಾಯ ಇದೆ. ಗಾಳಿ ಇಳಿಸಿದ ಮೇಲೆ ನಿಧಾನ, ಮತ್ತೆ ಡಾಂಬರಿಗೆ ಬಂದ ತಕ್ಷಣ ತುಂಬಿಸಬೇಕು. ಕಡಿಮೆ ಗಾಳಿಯಲ್ಲಿ ಹೈವೇ ಮೇಲೆ ಓಡಿಸಿದರೆ ಟೈರ್ ಬಿಸಿಯಾಗಿ ಸಿಡಿಯುತ್ತದೆ. 12 ವೋಲ್ಟ್ ಕಂಪ್ರೆಸರ್ ಗುಂಪಿಗೆ ಎರಡು ಇರಲಿ. ಒಂದು ಯಾವಾಗಲೂ ಕೈಕೊಡುತ್ತದೆ.

ಒಂದೇ ದಿನ ಎರಡು ಮೂರು ಪಂಕ್ಚರ್ ಆಗುತ್ತಂತೆ, ಹೌದಾ?

ಹೌದು. ಇದಕ್ಕೆ ಮೂರು ಕಾರಣ, ಮೂರೂ ನಮ್ಮ ಸೀಮೆಯವೇ.

ಮೊದಲನೆಯದು ಜಾಲಿ ಮುಳ್ಳು. ಬಳ್ಳಾರಿ ಜಾಲಿ ಬೇಲಿ ಕಡಿದು ದಾರಿಗೆ ಹಾಕಿರುತ್ತಾರೆ. ಅದು ಚುಚ್ಚಿದರೆ ಟ್ಯೂಬ್‌ಲೆಸ್ ಟೈರಿಗೆ ದೊಡ್ಡ ತೊಂದರೆ ಇಲ್ಲ, ಪ್ಲಗ್ ಕಿಟ್ ಸಾಕು.

ಎರಡನೆಯದು ತೊಗರಿ ಕೂಳೆ. ಹೊರಗಿನವರಿಗೆ ಇದು ಗೊತ್ತೇ ಇರುವುದಿಲ್ಲ. ಡಿಸೆಂಬರ್-ಜನವರಿಯಲ್ಲಿ ತೊಗರಿ ಕೊಯ್ದ ಹೊಲ ನೋಡಲು ಖಾಲಿ ಮೈದಾನ, ಟೆಂಟ್ ಹಾಕಲು ಹೇಳಿ ಮಾಡಿಸಿದ ಜಾಗ ಅನ್ನಿಸುತ್ತದೆ. ಹತ್ತಿರ ಹೋಗಿ ನೋಡಿ. ಕುಡುಗೋಲಿನಿಂದ ಓರೆಯಾಗಿ ಕೊಯ್ದ ಕಾಂಡ ಗೇಣುದ್ದ ನಿಂತಿರುತ್ತದೆ, ಒಣಗಿ ಕಟ್ಟಿಗೆ ಆಗಿರುತ್ತದೆ, ತುದಿ ಉಳಿಯಂತೆ ಚೂಪು. ಅದರ ಮೇಲೆ ಟ್ರ್ಯಾಕ್ಟರ್ ಹತ್ತಿಸಲು ಅದರ ಮಾಲೀಕನೇ ಹಿಂದೆ ಮುಂದೆ ನೋಡುತ್ತಾನೆ. ಕತ್ತಲಲ್ಲಿ ಹೊಲಕ್ಕೆ ಗಾಡಿ ನುಗ್ಗಿಸಬೇಡಿ ಅಂತ ನಾವು ಬಡಕೊಳ್ಳುವುದು ಇದಕ್ಕೇ.

ಮೂರನೆಯದು ಕಲ್ಲು. ಸೇಡಂ, ಚಿತ್ತಾಪುರ, ಶಹಾಬಾದ್ ಕಡೆ ಫರಸಿ ಕಲ್ಲಿನ ಚೂರು ದಾರಿ ತುಂಬ ಬಿದ್ದಿರುತ್ತದೆ. ತೆಳು, ಅಂಚು ಹರಿತ, ಟೈರಿನ ಪಕ್ಕವನ್ನೇ ಸೀಳುತ್ತದೆ. ಪಕ್ಕ ಸೀಳಿದ ಟೈರಿಗೆ ಪ್ಲಗ್ ನಿಲ್ಲುವುದಿಲ್ಲ. ಸ್ಟೆಪ್ನಿ ಹಾಕಲೇಬೇಕು, ಸ್ಟೆಪ್ನಿಯೂ ಹೋದರೆ ಅದೇ ಅಳತೆಯ ಇನ್ನೊಂದು ಗಾಡಿಯಿಂದ ಸಾಲ. ಆ ಕಡೆ ಹಳೆ ಖಣಿಗಳೂ ಇವೆ, ನೀರು ತುಂಬಿಕೊಂಡು ಚೆಂದ ಕಾಣುತ್ತವೆ, ಅಂಚು ಯಾವಾಗ ಕುಸಿಯುತ್ತದೋ ಹೇಳಲಾಗದು. ಗಾಡಿ ದೂರ ನಿಲ್ಲಿಸಿ, ಈಜಾಡಲು ಇಳಿಯಬೇಡಿ.

ಹೊರಡುವ ಮುಂಚೆ ಮನೆ ಮುಂದೆಯೇ ಒಮ್ಮೆ ಗಾಲಿ ಬಿಚ್ಚಿ ಹಾಕಿ ನೋಡಿ. ಶೋರೂಮಿನವರು ಗನ್ ಹಾಕಿ ಬಿಗಿದ ನಟ್ಟು ಗಾಡಿಯ ಜೊತೆ ಬಂದ ಪುಟ್ಟ ಪಾನಾಕ್ಕೆ ಬಗ್ಗುವುದಿಲ್ಲ. ಉದ್ದ ಪೈಪು ಒಂದು ಇಟ್ಟುಕೊಳ್ಳಿ.

ಎಂಜಿನ್ ಹೀಟ್ ಆದರೆ?

ಬಾನೆಟ್ ಎತ್ತಿ, ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ. ಒಳಗಿನ ನೀರು ಒತ್ತಡದಲ್ಲಿ ಇರುವುದರಿಂದ ನೂರು ಡಿಗ್ರಿ ದಾಟಿಯೂ ಕುದಿಯದೆ ಕೂತಿರುತ್ತದೆ, ಮುಚ್ಚಳ ತೆಗೆದ ಕ್ಷಣ ಒಮ್ಮೆಲೇ ಉಗಿಯಾಗಿ ಮುಖಕ್ಕೆ ಹಾರುತ್ತದೆ. ಮುಕ್ಕಾಲು ಗಂಟೆ ಬಿಡಿ. ಚಹಾ ಮಾಡಿ. ಕೈ ಇಟ್ಟರೆ ತಡೆಯುವಷ್ಟು ತಣ್ಣಗಾದ ಮೇಲೆ ಬಟ್ಟೆ ಹಾಕಿ, ನಿಧಾನ ತಿರುಗಿಸಿ.

ಕಾಯುವ ಹೊತ್ತಲ್ಲಿ ಕಾರಣ ಹುಡುಕಿ. ನಮ್ಮ ಕಡೆ ಮೊದಲ ಅನುಮಾನ ಹುಲ್ಲಿನ ಬೀಜದ ಮೇಲೆ. ಒಣ ಹುಲ್ಲಿನ ನಡುವೆ, ಜೋಳದ ಹೊಲದ ಬದಿಗೆ ಗಾಡಿ ಹೋಗುವಾಗ ಬೀಜ, ರವದಿ, ಧೂಳು ಎಲ್ಲ ರೇಡಿಯೇಟರ್ ಜಾಲರಿಗೆ ಬಂದು ಕಂಬಳಿ ಹೊದಿಸಿದಂತೆ ಕೂರುತ್ತದೆ. ಗಾಳಿ ಹೋಗಲು ದಾರಿಯೇ ಇರುವುದಿಲ್ಲ. ಟೂತ್ ಬ್ರಶ್‌ನಿಂದ ಬಿಡಿಸಿ, ಆಮೇಲೆ ಎಂಜಿನ್ ಕಡೆಯಿಂದ ಹೊರಕ್ಕೆ ಕಂಪ್ರೆಸರ್ ಗಾಳಿ ಬಿಡಿ. ಮುಂದಿನಿಂದ ಬಿಟ್ಟರೆ ಕಸ ಇನ್ನೂ ಒಳಕ್ಕೆ ಹೋಗುತ್ತದೆ. ಎರಡನೆಯದು ಫ್ಯಾನ್. ಎಂಜಿನ್ ಬಿಸಿ ಇದ್ದಾಗಲೂ ಕರೆಂಟ್ ಫ್ಯಾನ್ ತಿರುಗದಿದ್ದರೆ ಫ್ಯೂಸ್ ನೋಡಿ, ಹಳೆ ಗಾಡಿಯಲ್ಲಿ ಬೆಲ್ಟ್ ನೋಡಿ. ಮೂರನೆಯದು ಹೋಸ್ ಪೈಪ್. ಸೀಳಿದ್ದರೆ ಒರೆಸಿ ಒಣಗಿಸಿ, ಹಳೆ ಟ್ಯೂಬಿನ ಪಟ್ಟಿ ಬಿಗಿಯಾಗಿ ಸುತ್ತಿ ತಂತಿಯಿಂದ ಕಟ್ಟಿ, ಮುಚ್ಚಳ ಪೂರ್ತಿ ಬಿಗಿಯದೆ ನಿಧಾನ ಓಡಿಸಿದರೆ ಊರು ಮುಟ್ಟುತ್ತದೆ.

ಕೂಲೆಂಟ್ ಇಲ್ಲದಿದ್ದರೆ ಕುಡಿಯುವ ನೀರೇ ಹಾಕಿ, ಆಮೇಲೆ ಬದಲಾಯಿಸಿದರಾಯಿತು. ಕಾದ ಎಂಜಿನ್‌ಗೆ ಒಮ್ಮೆಲೇ ತಣ್ಣೀರು ಸುರಿಯಬಾರದು, ಹೆಡ್ ಬಿರಿಯುತ್ತದೆ. ಏರು ಹತ್ತುವಾಗ ಹೀಟ್ ಮೀಟರಿನ ಮುಳ್ಳು ಮೇಲೇಳುತ್ತಿದೆ ಅನ್ನಿಸಿದರೆ ಎಸಿ ಬಂದ್ ಮಾಡಿ ಹೀಟರ್ ಪೂರ್ತಿ ಬಿಡಿ. ಒಳಗೆ ಕೂತವರು ಬೈಯುತ್ತಾರೆ, ಬೈಯಲಿ. ಎಂಜಿನ್ ಬಿಸಿ ಸ್ವಲ್ಪ ಆ ಕಡೆಯಿಂದ ಹೊರಹೋಗುತ್ತದೆ.

ಹಳ್ಳ ದಾಟುವುದು ಹೇಗೆ?

ಮೊದಲು ಒಬ್ಬರು ಕೋಲು ಹಿಡಿದು ನಡೆದು ದಾಟಬೇಕು. ನೀರು ಮೊಣಕಾಲು ದಾಟಿದರೆ, ಅಥವಾ ಹರಿವು ಕಾಲನ್ನು ಎಳೆದರೆ, ಗಾಡಿ ಇಳಿಸುವುದಿಲ್ಲ. ಹೊಸ ಥಾರ್ 650 ಮಿ.ಮೀ. ನೀರಿನಲ್ಲಿ ಹೋಗುತ್ತದೆ ಅಂತ ಕಂಪನಿ ಹೇಳುವುದು ನಿಂತ ನೀರಿಗೆ, ಗಟ್ಟಿ ತಳಕ್ಕೆ. ನಮ್ಮ ಹಳ್ಳದ ತಳದಲ್ಲಿ ಏನಿದೆ ಅಂತ ಕಂಪನಿಗೆ ಏನು ಗೊತ್ತು?

ಫೋರ್ ಲೋ (ನಾಲ್ಕೂ ಗಾಲಿಗೆ ನಿಧಾನದ, ಜೋರು ಎಳೆತದ ಓಟ), ಎರಡನೇ ಗೇರ್, ಒಂದೇ ವೇಗ, ನಡುವೆ ಗೇರ್ ಬದಲಿಸುವಂತಿಲ್ಲ. ನೀರಲ್ಲಿ ಎಂಜಿನ್ ಬಂದ್ ಆದರೆ ಮತ್ತೆ ಸ್ಟಾರ್ಟ್ ಮಾಡಲೇಬೇಡಿ. ಸಿಲಿಂಡರ್ ಒಳಗೆ ನೀರು ಹೋಗಿದ್ದರೆ ಒಂದೇ ಸೆಲ್ಫ್‌ಗೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಬಿಲ್ಲು ಲಕ್ಷದ ಮಾತಾಗುತ್ತದೆ. ಹಗ್ಗ ಹಾಕಿ ಎಳೆದು, ಏರ್ ಫಿಲ್ಟರ್ ಬಿಚ್ಚಿ ನೋಡಿ, ಒದ್ದೆ ಇದ್ದರೆ ಮೆಕ್ಯಾನಿಕ್ ಬರುವ ತನಕ ಹಾಗೇ ಬಿಡಿ. ದಾಟಿ ಬಂದವರು ಬ್ರೇಕ್ ನಾಲ್ಕೈದು ಸಲ ಮೆಲ್ಲಗೆ ಒತ್ತಿ ಒಣಗಿಸಿಕೊಳ್ಳಿ.

ಎಳೆಯುವಾಗ ಹಗ್ಗ ಎಲ್ಲಿ ಕಟ್ಟಬೇಕು? ಟ್ರ್ಯಾಕ್ಟರ್ ಸಿಕ್ಕರೆ ಸಾಕಲ್ವಾ?

ಟ್ರಿಪ್‌ನಲ್ಲಿ ಜೀವಕ್ಕೆ ಅಪಾಯ ಇರುವ ಕೆಲಸ ಅಂದರೆ ಇದೇ, ಆದ್ದರಿಂದ ಪೂರ್ತಿ ಓದಿ.

ಹಗ್ಗ ಕಟ್ಟುವುದು ಚಾಸಿಗೆ ಬಿಗಿದ ಟೋ ಹುಕ್ಕಿಗೆ ಮಾತ್ರ. ಬಂಪರ್‌ಗೆ ಬೇಡ, ಸ್ಟೇರಿಂಗ್ ರಾಡಿಗೆ ಬೇಡ, ಟ್ರೇಲರ್ ಎಳೆಯುವ ದುಂಡನೆ ಬಾಲ್‌ಗೆ ಅಂತೂ ಬೇಡವೇ ಬೇಡ. ಆ ಬಾಲ್ ಮುರಿದರೆ ಗುಂಡಿನ ಹಾಗೆ ಹಾರುತ್ತದೆ. ಹಿಗ್ಗುವ ಹಗ್ಗ ಬೇರೆ, ಹಿಗ್ಗದ ಪಟ್ಟಿ ಬೇರೆ. ಹಿಗ್ಗದ ಪಟ್ಟಿಯನ್ನು ಮೊದಲು ಬಿಗಿ ಮಾಡಿಕೊಂಡು ಆಮೇಲೆ ನಿಧಾನ ಎಳೆಯಬೇಕು, ಜಗ್ಗಿ ಎಳೆದರೆ ಹುಕ್ಕೇ ಕಿತ್ತು ಬರುತ್ತದೆ. ವಿಂಚಿನ (ಗಾಡಿಗೆ ಕೂರಿಸಿದ, ತಂತಿ ಸುತ್ತಿ ಎಳೆಯುವ ಯಂತ್ರದ) ತಂತಿ ಇದ್ದರೆ ಅದರ ನಡುವೆ ದಪ್ಪ ಕಂಬಳಿ ಅಥವಾ ಒದ್ದೆ ಗೋಣಿಚೀಲ ಹಾಕಿ, ತುಂಡಾದರೆ ಹಾರುವ ಬದಲು ಕೆಳಗೆ ಬೀಳುತ್ತದೆ. ಹಗ್ಗದ ಉದ್ದದ ಒಂದೂವರೆ ಪಟ್ಟು ದೂರದೊಳಗೆ ಯಾರೂ ನಿಲ್ಲಬಾರದು. ವಿಡಿಯೋ ಮಾಡುವವರಿಗೂ ಇದೇ ನಿಯಮ, ಅವರೇ ಎಲ್ಲರಿಗಿಂತ ಹತ್ತಿರ ಬರುತ್ತಾರೆ.

ಟ್ರ್ಯಾಕ್ಟರ್ ಬಂದಾಗ ನಮ್ಮ ಜನಕ್ಕೆ ಆನಂದ ಜಾಸ್ತಿಯಾಗಿ ಎಲ್ಲರೂ ಕೂಗಲು ಶುರು ಮಾಡುತ್ತಾರೆ. ಕೈ ಸನ್ನೆ ಮಾಡುವವರು ಒಬ್ಬರೇ ಇರಬೇಕು. ಟ್ರ್ಯಾಕ್ಟರ್‌ಗೆ ಹಗ್ಗವನ್ನು ಹಿಂದಿನ ಕೆಳಗಿನ ಹುಕ್ಕಿಗೇ ಕಟ್ಟಿ. ಆಕ್ಸಲ್‌ಗಿಂತ ಮೇಲೆ ಕಟ್ಟಿ ಎಳೆದರೆ ಮುಂದಿನ ಗಾಲಿ ಎದ್ದು ಟ್ರ್ಯಾಕ್ಟರ್ ಹಿಂದಕ್ಕೆ ಮಗುಚುತ್ತದೆ, ಕೂತವರ ಮೇಲೇ. ಹೊಲದ ಕೆಲಸ ಬಿಟ್ಟು ಬಂದವರು ಅವರು. "ಕಾಕಾ, ಎಷ್ಟು ಕೊಡಲಿ?" ಅಂತ ಕೇಳಿದರೆ "ಏ, ಇರಲಿ ಬಿಡಪ್ಪಾ" ಅನ್ನುತ್ತಾರೆ. ಇರಲಿ ಬಿಡಬೇಡಿ. ಡೀಸೆಲ್ಲಿನ ದುಡ್ಡು, ಮೇಲೆ ಅರ್ಧ ದಿನದ ಕೂಲಿ ಕೊಟ್ಟೇ ಬನ್ನಿ. ಅವರ ಹೊಲದಲ್ಲಿ ಬಿದ್ದ ಗಾಲಿ ಗುಂಡಿಗಳನ್ನು ಮುಚ್ಚುವುದೂ ನಮ್ಮದೇ ಕೆಲಸ, ಬದು ಒಡೆದಿದ್ದರೆ ಸಲಿಕೆ ಹಿಡಿದು ಕಟ್ಟಿ.

ಪಾಟಾ (ಗಾಡಿ ಭಾರ ಹೊರುವ ಸ್ಪ್ರಿಂಗ್ ಪಟ್ಟಿ) ಮುರಿದರೆ, ಕ್ಲಚ್ ಹೋದರೆ, ಬ್ಯಾಟರಿ ಸತ್ತರೆ?

ಪಾಟಾ: ಹಳೆ ಜೀಪು, ಬೊಲೆರೋಗಳಲ್ಲಿ ಆಗುವುದು. ತುಂಬ ಸಾಮಾನು ಹೇರಿಕೊಂಡು ಗುಂಡಿಗೆ ಬಿದ್ದಾಗ "ಟಣ್" ಅಂತ ಸದ್ದು ಬರುತ್ತದೆ, ಗಾಡಿ ಒಂದು ಕಡೆ ವಾಲುತ್ತದೆ. ಸಾಮಾನು ಇಳಿಸಿ, ಜಾಕಿ ಹಾಕಿ, ಆಕ್ಸಲ್‌ಗೂ ಚಾಸಿಗೂ ನಡುವೆ ಗಟ್ಟಿ ಜಾಲಿ ಮರದ ತುಂಡು ಇಟ್ಟು ತಂತಿ, ಹಳೆ ಟ್ಯೂಬಿನಿಂದ ಬಿಗಿದು ಕಟ್ಟಿ. ಲಾರಿಯವರು ಮಾಡುವುದೂ ಇದನ್ನೇ. 15-20 ಕಿ.ಮೀ. ವೇಗ, ಖಾಲಿ ಗಾಡಿ, ಹತ್ತಿರದ ಊರಿನ ತನಕ ಮಾತ್ರ.

ಕ್ಲಚ್: ಸುಟ್ಟ ವಾಸನೆ ಬಂದರೆ ಅರ್ಧ ಗಂಟೆ ನಿಲ್ಲಿಸಿ. ಆಮೇಲೆ ಫೋರ್ ಲೋ ಹಾಕಿ ಅರ್ಧ ಕ್ಲಚ್ ಇಲ್ಲದೆ ಓಡಿಸಿ.

ಬ್ಯಾಟರಿ: ರಾತ್ರಿ ಪೂರ್ತಿ ಗಾಡಿಯ ಸ್ಪೀಕರ್‌ನಲ್ಲಿ ಹಾಡು ಹಾಕಿದವರಿಗೆ ಬೆಳಿಗ್ಗೆ ಇದು ಗ್ಯಾರಂಟಿ. ಮೊದಲು ಟರ್ಮಿನಲ್ ಅಲುಗಾಡಿಸಿ ನೋಡಿ, ಕುಲುಕಾಟಕ್ಕೆ ಸಡಿಲ ಆಗಿರುತ್ತದೆ ಅಷ್ಟೇ. ಜಂಪರ್ ವೈರ್ ಹಾಕುವ ಕ್ರಮ ಹೀಗಿದೆ. ಕೆಂಪು ಮೊದಲು ಸತ್ತ ಬ್ಯಾಟರಿಯ ಪ್ಲಸ್‌ಗೆ, ಆಮೇಲೆ ಒಳ್ಳೆಯದರ ಪ್ಲಸ್‌ಗೆ. ಕಪ್ಪು ಒಳ್ಳೆಯದರ ಮೈನಸ್‌ಗೆ, ಕೊನೆಯ ತುದಿ ಕೆಟ್ಟ ಗಾಡಿಯ ಎಂಜಿನ್ ಲೋಹಕ್ಕೆ, ಬ್ಯಾಟರಿಯಿಂದ ದೂರ. ಕಿಡಿ ಹಾರಿದರೆ ಬ್ಯಾಟರಿ ಹತ್ತಿರ ಹಾರಬಾರದು ಅಂತ.

ಡೀಸೆಲ್ ಖಾಲಿಯಾಗಿ ಪೈಪಿನಲ್ಲಿ ಗಾಳಿ ಹಿಡಿದರೆ ಹಳೆ ಗಾಡಿಗಳಲ್ಲಿ ಫಿಲ್ಟರ್ ಮೇಲಿನ ಪಂಪ್ ಒತ್ತಿ, ಸ್ಕ್ರೂ ಸಡಿಲಿಸಿ, ನೊರೆ ನಿಲ್ಲುವ ತನಕ ಗಾಳಿ ತೆಗೆಯಬಹುದು. ಹೊಸ ಕಾಮನ್ ರೈಲ್ (ಭಾರೀ ಒತ್ತಡದಲ್ಲಿ ಡೀಸೆಲ್ ಚಿಮ್ಮಿಸುವ ಎಂಜಿನ್) ಗಾಡಿಯಲ್ಲಿ ಇಂಜೆಕ್ಟರ್ ಕಡೆ ಹೋಗುವ ಉಕ್ಕಿನ ಪೈಪಿಗೆ ಪಾನಾ ಹಾಕಲೇಬೇಡಿ. ಸಾವಿರ ಬಾರ್‌ಗಿಂತ ಜಾಸ್ತಿ ಒತ್ತಡ, ಚರ್ಮದೊಳಕ್ಕೇ ಡೀಸೆಲ್ ಹೋಗುತ್ತದೆ.

ಗುಂಪಿನಲ್ಲಿ ಹೋಗುವಾಗ ಯಾರು ಮುಂದೆ, ಯಾರು ಹಿಂದೆ?

ದಾರಿ ಗೊತ್ತಿದ್ದವರು ಮುಂದೆ. ರಿಪೇರಿ ಗೊತ್ತಿದ್ದವರು, ಸಾಮಾನಿನ ಪೆಟ್ಟಿಗೆ ಸಮೇತ, ಎಲ್ಲರಿಗಿಂತ ಹಿಂದೆ. ಹೊಸಬರು ನಡುವೆ. ನಿಮ್ಮ ಹಿಂದಿನ ಗಾಡಿ ಕನ್ನಡಿಯಲ್ಲಿ ಕಾಣದಿದ್ದರೆ ನಿಲ್ಲಿ. ಪ್ರತಿ ಕವಲು ದಾರಿಯಲ್ಲಿ ಹಿಂದಿನವರು ಬಂದು ನಿಮ್ಮನ್ನು ನೋಡುವ ತನಕ ಅಲ್ಲೇ ಇರಿ. ಇದೊಂದನ್ನು ಪಾಲಿಸಿದರೆ ಯಾರೂ ಕಳೆದುಹೋಗುವುದಿಲ್ಲ, ಮೊಬೈಲ್ ಬೇಕಾಗಿಯೇ ಇಲ್ಲ.

ಒಂದು ಗಾಡಿ ಪೂರ್ತಿ ಕೈಕೊಟ್ಟರೆ ಉಳಿದವರು ಮುಂದೆ ಹೋಗಬಹುದಾ?

ಇಲ್ಲ. ಮಧ್ಯಾಹ್ನ ಮೂರರೊಳಗೆ ಸರಿಯಾಗುತ್ತದೆ ಅನ್ನಿಸಿದರೆ ಎಲ್ಲರೂ ಕಾಯುತ್ತೇವೆ. ಆಗಲ್ಲ ಅನ್ನಿಸಿದರೆ ಅಲ್ಲೇ ಹತ್ತಿರದಲ್ಲಿ ಹೊಲದವರನ್ನು ಕೇಳಿ ಅಂದಿನ ಟೆಂಟ್ ಅಲ್ಲೇ. ನೋಡಬೇಕೆಂದಿದ್ದ ಜಾಗ ತಪ್ಪುತ್ತದೆ, ನಿಜ. ಎರಡು ಗಾಡಿ ಮುಂದೆ ಹೋಗಿ ಕ್ಯಾಂಪ್ ಹಾಕಿ, ಒಂದು ಕೆಟ್ಟು ನಿಂತು, ಇನ್ನೊಂದು ಮೆಕ್ಯಾನಿಕ್ ಹುಡುಕುತ್ತ ಅಲೆದರೆ ನೀರು ಒಂದು ಕಡೆ, ಊಟ ಒಂದು ಕಡೆ, ಜಾಕಿ ಇನ್ನೊಂದು ಕಡೆ ಆಗುತ್ತದೆ. ಮೆಕ್ಯಾನಿಕ್ ತರಲು ಹೋದರೆ ಒಂದೇ ಗಾಡಿ, ಇಬ್ಬರು ಜನ.

ಮೆಕ್ಯಾನಿಕ್ ಎಲ್ಲಿ ಸಿಗುತ್ತಾರೆ? ಲೊಕೇಶನ್ ಕಳಿಸಿದರೆ ಬರುತ್ತಾರಾ?

ಪಂಕ್ಚರ್, ವೆಲ್ಡಿಂಗ್, ಟ್ರ್ಯಾಕ್ಟರ್ ರಿಪೇರಿ ಚಿಂಚೋಳಿಯಲ್ಲೇ ಆಗುತ್ತದೆ. ದೊಡ್ಡ ಕೆಲಸಕ್ಕೆ ಹುಮನಾಬಾದ್. ಪುಣೆ-ಹೈದರಾಬಾದ್ ಹೈವೇ ಮತ್ತು ಕಲಬುರಗಿ-ಬೀದರ್ ರಸ್ತೆ ಕೂಡುವ ಊರು, ಲಾರಿ ಮೆಕ್ಯಾನಿಕ್‌ಗಳಿಗೆ ಕೊರತೆ ಇಲ್ಲ. ಗಡಿ ದಾಟಿದರೆ ತೆಲಂಗಾಣದ ತಾಂಡೂರು, ಜಹೀರಾಬಾದ್ ಕೂಡ ಹತ್ತಿರವೇ.

ಲೊಕೇಶನ್ ಪಿನ್ ಕಳಿಸಿದರೆ ಹೆಚ್ಚಿನ ಮಿಸ್ತ್ರಿಗಳು "ಅದೆಲ್ಲ ಬಿಡ್ರಿ, ಯಾರ ಹೊಲ ಹೇಳ್ರಿ" ಅನ್ನುತ್ತಾರೆ. ಅದೇ ಸರಿಯಾದ ವಿಳಾಸ. ಆದ್ದರಿಂದ ಗಾಡಿ ನಿಂತ ಕೂಡಲೇ ಹತ್ತಿರದವರನ್ನು ಕೇಳಿ ಮೂರು ವಿಷಯ ಬರೆದುಕೊಳ್ಳಿ: ಯಾರ ಹೊಲ, ಹತ್ತಿರದ ತಾಂಡಾ ಯಾವುದು, ಯಾವ ಗುಡಿ ಅಥವಾ ದರ್ಗಾ ದಾಟಿ ಬರಬೇಕು. ಏನು ಕೆಟ್ಟಿದೆ ಅನ್ನುವುದನ್ನೂ ಮುರಿದ ಭಾಗದ ಫೋಟೋ ಸಮೇತ ಮೊದಲೇ ಹೇಳಿ, ಇಲ್ಲದಿದ್ದರೆ ಬಂದು ನೋಡಿ ಮತ್ತೆ ಸಾಮಾನು ತರಲು ಹೋಗುತ್ತಾರೆ, ಅಲ್ಲಿಗೆ ದಿನ ಮುಗಿಯಿತು. ಗುಡ್ಡದ ಒಳಗೆ ಸಿಗ್ನಲ್ ಬಂದು ಹೋಗಿ ಮಾಡುತ್ತದೆ. ಅಪಘಾತಕ್ಕೆ 112, ಆಂಬುಲೆನ್ಸ್‌ಗೆ 108, ಹೈವೇ ಮೇಲೆ ಕೆಟ್ಟರೆ 1033.

ಇನ್ಶೂರೆನ್ಸ್ ಬರುತ್ತಾ?

ಪಾಲಿಸಿ ಓದಿ. ಮಾಮೂಲಿ ಪಾಲಿಸಿಯಲ್ಲಿ ಎಂಜಿನ್‌ಗೆ ನೀರು ಹೋಗಿ ಕೆಟ್ಟರೆ ಸಾಮಾನ್ಯವಾಗಿ ದುಡ್ಡು ಬರುವುದಿಲ್ಲ, ಎಂಜಿನ್ ಪ್ರೊಟೆಕ್ಟ್ ಅಂತ ಬೇರೆಯಾಗಿ ತೆಗೆದುಕೊಂಡಿರಬೇಕು.

ಚಿಂಚೋಳಿ ಕಾಡಿನ ಒಳಗೇ ಟೆಂಟ್ ಹಾಕಬಹುದಾ?

ಇಲ್ಲ. ಅದು 2011ರಲ್ಲಿ ಘೋಷಣೆಯಾದ ವನ್ಯಜೀವಿಧಾಮ, ಸುಮಾರು 135 ಚದರ ಕಿ.ಮೀ. ತೋಳ, ಕತ್ತೆಕಿರುಬ, ಕೃಷ್ಣಮೃಗ ಇರುವ ಜಾಗ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅನುಮತಿ ಇಲ್ಲದೆ ಒಳಗೆ ಹೋಗುವುದೇ ತಪ್ಪು, ಬೆಂಕಿ ಹಾಕುವುದು ಇನ್ನೂ ದೊಡ್ಡ ತಪ್ಪು. ಚಂದ್ರಂಪಳ್ಳಿ ಜಲಾಶಯ ನೋಡಬೇಕಾದರೆ ಅರಣ್ಯ ಇಲಾಖೆಯವರನ್ನು ಮೊದಲೇ ಕೇಳಿ, ಅವರು ಹೇಳಿದ ದಾರಿಯಲ್ಲಿ, ಹೇಳಿದ ಹೊತ್ತಿಗೆ ಹೋಗಿ ಬನ್ನಿ. ಕಾಡಿನ ದಾರಿಯಲ್ಲಿ ಗಾಡಿ ಪರಾಕ್ರಮ ತೋರಿಸುವವರನ್ನು ನಾವು ಮುಂದಿನ ಸಲ ಕರೆಯುವುದಿಲ್ಲ.

ನಮ್ಮ ಟೆಂಟ್ ಕಾಡಿನ ಹೊರಗೆ, ಖಾಸಗಿ ಹೊಲದಲ್ಲಿ, ಮಾಲೀಕರನ್ನು ಕೇಳಿ. ಹತ್ತಿರದ ತಾಂಡಾದ ಹಿರಿಯರಿಗೂ ಒಂದು ಮಾತು ಹೇಳುತ್ತೇವೆ. ರಾತ್ರಿ ಹೊತ್ತು ಗುರುತಿಲ್ಲದ ಗಾಡಿಗಳು ಹೊಲದಲ್ಲಿ ನಿಂತರೆ ಅವರಿಗೆ ಅನುಮಾನ ಬರುವುದು ಸಹಜ.

ಊಟ, ಬೆಂಕಿ, ಚಳಿ?

ಮೊದಲ ದಿನಕ್ಕೆ ಮನೆಯಿಂದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು, ಉಳ್ಳಾಗಡ್ಡಿ. ಗಾಡಿ ಕೆಟ್ಟು ಒಂದು ದಿನ ಜಾಸ್ತಿ ಆದರೂ ಖಡಕ್ ರೊಟ್ಟಿ ಹಾಳಾಗುವುದಿಲ್ಲ, ಬ್ರೆಡ್ ಹಾಳಾಗುತ್ತದೆ. ಜನವರಿ ಹೊತ್ತಿಗೆ ಹೋದರೆ, ಹೊಲದವರು ಮನಸ್ಸು ಮಾಡಿದರೆ, ಸೀತನಿ ಸಿಗುತ್ತದೆ. ಬಿಸಿ ಬೂದಿಯಲ್ಲಿ ಸುಟ್ಟ ಎಳೆ ಜೋಳದ ತೆನೆ ಉಜ್ಜಿ, ಊದಿ, ಬೆಲ್ಲದ ಜೊತೆ. ಅದಕ್ಕಾಗಿಯೇ ಬರುವವರೂ ಇದ್ದಾರೆ. ನೀರು ತಲೆಗೆ ದಿನಕ್ಕೆ ಐದು ಲೀಟರ್, ಗಾಡಿಗೆ ಬೇರೆ ಹತ್ತು ಲೀಟರ್.

ಬೆಂಕಿ ಖಾಲಿ ನೆಲದ ಮೇಲೆ, ಬಣವೆಯಿಂದ ದೂರ. ಗಾಡಿಯನ್ನು ಒಣ ಹುಲ್ಲಿನ ಮೇಲೆ ನಿಲ್ಲಿಸಬೇಡಿ. ಓಡಿ ಬಂದ ಗಾಡಿಯ ಸೈಲೆನ್ಸರ್ ಭಾಗ ಹುಲ್ಲು ಹತ್ತಿಕೊಳ್ಳುವಷ್ಟು ಬಿಸಿ ಇರುತ್ತದೆ, ಹೊಸ ಡೀಸೆಲ್ ಗಾಡಿಗಳಲ್ಲಿ ಇನ್ನೂ ಜಾಸ್ತಿ. ಚಳಿ ಚೆನ್ನಾಗಿಯೇ ಇರುತ್ತದೆ, ಕಲಬುರಗಿಯವರು ಸ್ವೆಟರ್ ನಂಬದವರು, ಬೆಳಗಿನ ಜಾವ ನಂಬುತ್ತಾರೆ.

ಹಾವು?

ಇರುತ್ತವೆ. ಕಲ್ಲಿನ ಗುಂಪು, ಬಣವೆ, ಬದುವಿನ ಹತ್ತಿರ ಟೆಂಟ್ ಬೇಡ. ಬೆಳಿಗ್ಗೆ ಶೂ ಜಾಡಿಸಿ ಹಾಕಿಕೊಳ್ಳಿ, ಗಾಡಿ ಕೆಳಗೆ ಮಲಗುವ ಮೊದಲು ಟಾರ್ಚ್ ಬಿಡಿ. ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಕಚ್ಚಿದ ಕೈಕಾಲು ಅಲುಗಾಡದಂತೆ ಇಟ್ಟು ಸೀದಾ ಸರ್ಕಾರಿ ಆಸ್ಪತ್ರೆಗೆ. ಅದಕ್ಕೆಂದೇ ರಾತ್ರಿ ಒಂದು ಗಾಡಿ ರಸ್ತೆ ಕಡೆ ಮುಖ ಮಾಡಿ, ಡೀಸೆಲ್ ತುಂಬಿ, ಯಾರೂ ಅಡ್ಡ ನಿಲ್ಲಿಸದಂತೆ ಬಿಟ್ಟಿರುತ್ತೇವೆ. ಆ ಗಾಡಿಯ ಚಾಲಕ ಅವತ್ತು ಕುಡಿಯುವಂತಿಲ್ಲ.

ಖರ್ಚು ಹೇಗೆ ಹಂಚುತ್ತೀರಿ?

ಊಟ, ಟ್ರ್ಯಾಕ್ಟರ್, ಮೆಕ್ಯಾನಿಕ್ ಬಂದು ಹೋಗುವ ಖರ್ಚು ಎಲ್ಲರದ್ದು. ಮುರಿದ ಭಾಗ ಗಾಡಿ ಮಾಲೀಕರದ್ದು. ಎಳೆಯುವಾಗ ಇನ್ನೊಬ್ಬರ ಗಾಡಿಗೆ ಪೆಟ್ಟಾದರೆ ಅರ್ಧ ಅರ್ಧ. ಇದನ್ನು ಹೊರಡುವ ಮುಂಚೆಯೇ ಬಾಯಿಬಿಟ್ಟು ಹೇಳುತ್ತೇವೆ.

ವಾಪಸ್ ಬಂದ ಮೇಲೆ ಗಾಡಿ ತೊಳೆಸಿದರೆ ಸಾಕಾ?

ಮೇಲೆ ತೊಳೆಸಿದರೆ ಸಾಲದು, ಕೆಳಗಿನಿಂದ ತೊಳೆಸಿ. ರಿಮ್ ಒಳಗೆ ಎರಿ ಮಣ್ಣು ಒಣಗಿ ಕೂತಿದ್ದರೆ ಹೈವೇ ಮೇಲೆ ಸ್ಟೇರಿಂಗ್ ನಡುಗುತ್ತದೆ, ಜನ ಅಲೈನ್‌ಮೆಂಟ್ ಹೋಯಿತು ಅಂತ ಸುಮ್ನೆ ದುಡ್ಡು ಕೊಟ್ಟು ಬರುತ್ತಾರೆ. ಗಾಲಿ ನಟ್ಟು ಮತ್ತೊಮ್ಮೆ ಬಿಗಿಯಿರಿ, ಏರ್ ಫಿಲ್ಟರ್ ಊದಿಸಿ. ಹಳ್ಳ ದಾಟಿದ್ದರೆ ಗೇರ್ ಮತ್ತು ಆಕ್ಸಲ್ ಆಯಿಲ್ ನೋಡಿ, ಹಾಲು ಬೆರೆಸಿದ ಚಹಾ ಬಣ್ಣ ಬಂದಿದ್ದರೆ ನೀರು ಸೇರಿದೆ, ಬದಲಾಯಿಸಿ.

ನಾಯಿ ಕರೆತರಬಹುದಾ?

ಬೇಡ. ಕುರಿ ಕಾಯುವವರ ನಾಯಿಗಳು ಬಿಡುವುದಿಲ್ಲ, ನಿಮ್ಮ ನಾಯಿ ಜಿಂಕೆ ಅಟ್ಟಿಸಿಕೊಂಡು ಹೋದರೆ ಅರಣ್ಯ ಇಲಾಖೆಯವರೂ ಬಿಡುವುದಿಲ್ಲ.